ಜಗಲಿಯ ಗಡಿಯಾರ ಒಂಬತ್ತು ಹೊಡೆದಾಗ: ದೊಡ್ಡಪ್ಪನ 43 ಕ್ಯಾಸೆಟ್‌ಗಳು

ಹದಿನೇಳನೇ ಕ್ಯಾಸೆಟ್ಟಿನ ಮೇಲೆ ದೊಡ್ಡಪ್ಪ ಬರೆದದ್ದು ಇಷ್ಟೇ: "ಮದುವೆ ಹಾಡು. ನಮ್ಮನೆ ಜಗಲಿ. 86." ಹಾಡಿದವರ ಹೆಸರಿಲ್ಲ. ತಿಂಗಳೂ ಇಲ್ಲ. ಈ ಬರಹ ಮುಖ್ಯವಾಗಿ ಆ ಒಂದು ಕ್ಯಾಸೆಟ್ಟಿನದು. ಉಳಿದ 42ರ ವಿಷಯವೂ ನಡುನಡುವೆ ಬರುತ್ತದೆ. ಹಳೇ ಟೇಪುಗಳನ್ನು ಟ್ರಂಕಿನಲ್ಲಿ ಇಟ್ಟುಕೊಂಡಿರುವ ಮನೆಗಳು ನಮ್ಮ ಉತ್ತರ ಕನ್ನಡ ಜಿಲ್ಲೆಯಲ್ಲಿ ಇನ್ನೂ ಬಹಳ ಇವೆ. ನಾವು ಏನು ಮಾಡಿದೆವು, ಎಲ್ಲಿ ತಪ್ಪಿದೆವು ಎನ್ನುವುದು ಅವರಿಗೆ ಉಪಯೋಗವಾಗಲಿ ಎಂದು ಎಲ್ಲವನ್ನೂ ಬರೆಯುತ್ತಿದ್ದೇನೆ.

ದೊಡ್ಡಪ್ಪ ಅಂಕೋಲಾ ತಾಲೂಕಿನಲ್ಲಿ ಪ್ರಾಥಮಿಕ ಶಾಲೆ ಮಾಸ್ತರರಾಗಿದ್ದರು. ಮನೆ ಮಾತ್ರ ಘಟ್ಟದ ಮೇಲೆ, ಶಿರಸಿ ಕಡೆಯ ಹಳ್ಳಿ. ರಜೆ ಬಂತು ಅಂದರೆ ದೇವಿಮನೆ ಘಟ್ಟ ಹತ್ತಿ ಮನೆಗೆ ಬರುತ್ತಿದ್ದರು. ಹೆಗಲಲ್ಲಿ ಒಂದು ಚೀಲ, ಅದರಲ್ಲಿ ಒಂದೇ ಸ್ಪೀಕರಿನ ಟೇಪ್‌ರೆಕಾರ್ಡರ್. ಸೆಲ್ ಹಾಕಿ ನಡೆಸುವುದು. ಸುಗ್ಗಿಯ ಕಾಲದಲ್ಲಿ ಹಾಲಕ್ಕಿ ಒಕ್ಕಲಿಗರ ಕೊಪ್ಪಗಳಿಗೆ (ಅವರ ಕೇರಿಗಳಿಗೆ) ಹೋಗಿ ಗುಮಟೆ ಪಾಂಗು, ಅಂದರೆ ಗುಮಟೆ ಎಂಬ ಮಣ್ಣಿನ ವಾದ್ಯದ ಜೊತೆಗಿನ ಹಾಡು, ಮತ್ತೆ ಹೆಂಗಸರ ಹಾಡು ಹಿಡಿಯುತ್ತಿದ್ದರು. ಊರಿಗೆ ಬಂದಾಗ ದೇವಸ್ಥಾನದ ತಾಳಮದ್ದಳೆ. ಮನೆಯಲ್ಲಿ ಹವ್ಯಕ ಹೆಂಗಸರ ಮದುವೆ ಹಾಡು, ಆರತಿ ಹಾಡು.

ಅವರು ವಿದ್ವಾಂಸರಲ್ಲ. ಆದರೆ ಒಂದು ವಿಷಯ ಅವರಿಗೆ ಗೊತ್ತಿತ್ತು. ನಮ್ಮ ಜಿಲ್ಲೆಯ ಹಾಡುಗಳನ್ನು ಕುಮಟೆಯ ಎಲ್. ಆರ್. ಹೆಗಡೆಯವರಂಥವರು ಹತ್ತಾರು ವರ್ಷ ಊರೂರು ತಿರುಗಿ ಬರೆದುಕೊಂಡಿದ್ದಾರೆ. ಅದರಿಂದಾಗಿ ಮಾತು ಪುಸ್ತಕಕ್ಕೆ ಬಂತು. ಮಟ್ಟು ಪುಸ್ತಕಕ್ಕೆ ಬರುವುದಿಲ್ಲ. ಹಾಡುವವರು ಎಲ್ಲಿ ಉಸಿರು ತಗೊಂಡರು, ಒಬ್ಬಳು ಬಿಟ್ಟ ಸಾಲನ್ನು ಇನ್ನೊಬ್ಬಳು ಹೇಗೆ ಎತ್ತಿಕೊಂಡಳು, ಅದು ಕಾಗದದಲ್ಲಿ ನಿಲ್ಲುವುದಿಲ್ಲ. ದೊಡ್ಡಪ್ಪನ ಸಂಬಳದ ಒಂದು ಭಾಗ ಸೆಲ್ಲಿಗೂ ಖಾಲಿ ಕ್ಯಾಸೆಟ್ಟಿಗೂ ಹೋಗುತ್ತಿದ್ದದ್ದು ಇದಕ್ಕೇ.

ದೊಡ್ಡಪ್ಪ 2005ರಲ್ಲಿ ತೀರಿಕೊಂಡರು.

2007ರಲ್ಲಿ ನಾವು ಮೊದಲ ಸಲ ಈ ಟೇಪುಗಳನ್ನು "ಉಳಿಸಿದೆವು". 20 ಕ್ಯಾಸೆಟ್ ಆರಿಸಿ, ಪೇಟೆಯ ಒಂದು ಅಂಗಡಿಗೆ ಕೊಟ್ಟೆ. ಅವರು ಎಂಪಿ3 ಮಾಡಿ ಮೂರು ಸಿ.ಡಿ.ಗೆ ಹಾಕಿಕೊಟ್ಟರು. ಗುಂಯ್ ಅನ್ನುವ ಸದ್ದು ತೆಗೆದಿದ್ದರು. ಹಾಡಿನ ನಡುವಿನ ಮಾತು ಕತ್ತರಿಸಿದ್ದರು. ಕೇಳಲಿಕ್ಕೆ ಚೊಕ್ಕವಾಗಿತ್ತು, ನಾವೂ ಖುಷಿಪಟ್ಟೆವು. "ಇನ್ನು ಕ್ಯಾಸೆಟ್ ಇಟ್ಟುಕೊಂಡು ಏನು ಮಾಡ್ತೀರಿ" ಅಂದರು. ನನಗೂ ಹೌದು ಅನ್ನಿಸಿತು. ಮನೆಗೆ ತಂದು ಹಿತ್ತಲಲ್ಲಿ ಸುಡಲು ಹೊರಟಿದ್ದೆ. ದೊಡ್ಡಾಯಿ ತಡೆದರು.

"ಬಿಸಾಕಡ ತಮಾ. ಅವ್ರ ಅಕ್ಷರ ಇದ್ದು ಅದ್ರ ಮೇಲೆ."

ಧ್ವನಿಗಾಗಿ ಅಲ್ಲ, ಗಂಡನ ಕೈಬರಹಕ್ಕಾಗಿ ಅವರು ಅವನ್ನು ಎತ್ತಿಟ್ಟುಕೊಂಡರು. ಇವತ್ತು ನಮ್ಮ ಹತ್ತಿರ ಏನಾದರೂ ಉಳಿದಿದ್ದರೆ ಅದು ಆ ಒಂದು ಮಾತಿನಿಂದ. ಯಾಕೆಂದರೆ 2022ರಲ್ಲಿ ಆ ಮೂರು ಸಿ.ಡಿ.ಗಳನ್ನು ಹಾಕಿ ನೋಡಿದಾಗ ಎರಡು ತೆರೆಯಲೇ ಇಲ್ಲ. ಮನೆಯಲ್ಲಿ ಬರೆದುಕೊಳ್ಳುವ ಸಿ.ಡಿ.ಯಲ್ಲಿ ಮಾಹಿತಿ ಕೂರುವುದು ಒಂದು ತೆಳುವಾದ ಬಣ್ಣದ ಪದರದಲ್ಲಿ. ಬಿಸಿ, ಬೆಳಕು, ತೇವ ತಾಗಿದರೆ ಆ ಬಣ್ಣ ಕೆಡುತ್ತದೆ. 36 ವರ್ಷದ ಕ್ಯಾಸೆಟ್ ಹಾಡುತ್ತಿತ್ತು, 15 ವರ್ಷದ ಸಿ.ಡಿ. ಸತ್ತಿತ್ತು.

ಟ್ರಂಕು ತೆರೆದಾಗ

2022ರ ಬೇಸಿಗೆಯಲ್ಲಿ ಮಾಡಿನ ಹಂಚು ಸರಿ ಮಾಡಿಸುವಾಗ ಎಲ್ಲ ಸಾಮಾನು ಕೆಳಗೆ ಬಂತು. ಕ್ಯಾಸೆಟ್ಟುಗಳು ಎರಡು ಕಡೆ ಇದ್ದವು. ಜಾಸ್ತಿ ಪಾಲು ಅಡುಗೆಮನೆಯ ಮೇಲಿನ ಅಟ್ಟದಲ್ಲಿ, ತಗಡಿನ ಟ್ರಂಕಿನಲ್ಲಿ. ಹತ್ತು ಮಾತ್ರ ಜಗಲಿಯ ಗೋಡೆ ಕಪಾಟಿನಲ್ಲಿ. ಕಪಾಟಿನ ಹತ್ತರಲ್ಲಿ ಏಳಕ್ಕೆ ಬೂಸ್ಟು ಹಿಡಿದಿತ್ತು. ಚಿಕ್ಕ ಕಿಟಕಿಯಿಂದ ನೋಡಿದರೆ ಟೇಪಿನ ಸುರುಳಿಯ ಮೇಲೆ ಬಿಳಿ ಪುಡಿ. ಅಟ್ಟದವಕ್ಕೆ ಬೂಸ್ಟಿಲ್ಲ. ಒಲೆಯ ಬಿಸಿ, ಹೊಗೆ ಅವನ್ನು ಒಣಗಿಸಿಟ್ಟಿತ್ತು. ಹೊರಗೆಲ್ಲ ಇಲ್ಲಣ ಕೂತಿತ್ತು ಅಷ್ಟೇ.

ಹಾಗಂತ ಅಟ್ಟವೇ ಒಳ್ಳೆಯ ಜಾಗ ಎಂದು ಯಾರೂ ತಿಳಿಯಬೇಡಿ. ಬಿಸಿಗೆ ಬೇರೆ ತೊಂದರೆ ಇದೆ. ಸುತ್ತಿಟ್ಟ ಟೇಪಿನಲ್ಲಿ ಒಂದು ಪದರದ ಸದ್ದು ಪಕ್ಕದ ಪದರಕ್ಕೆ ಮೆಲ್ಲಗೆ ಅಂಟಿಕೊಳ್ಳುತ್ತದೆ. ಬಿಸಿ ಜಾಸ್ತಿಯಾದಷ್ಟೂ ಅದು ಜಾಸ್ತಿ. ನಮ್ಮ ಕೆಲವು ಟೇಪುಗಳಲ್ಲಿ ಹಾಡು ಶುರುವಾಗುವ ಸ್ವಲ್ಪ ಮೊದಲೇ ಅದೇ ಹಾಡು ದೂರದಿಂದ ಕೇಳಿದ ಹಾಗೆ ಬರುತ್ತದೆ. ಪ್ಲೇ ಮಾಡುವ ಮೊದಲು ಮೂರ್ನಾಲ್ಕು ಸಲ ಹಿಂದೆ ಮುಂದೆ ಸುತ್ತಿದರೆ ಇದು ಸ್ವಲ್ಪ ಕಡಿಮೆಯಾಗುತ್ತದೆ. ಪೂರ್ತಿ ಹೋಗುವುದಿಲ್ಲ.

ಲೆಕ್ಕ ಹೀಗಿತ್ತು. ಒಟ್ಟು 43. ಚೆನ್ನಾಗಿದ್ದದ್ದು 31. ಬೂಸ್ಟಿನವು 7. ಟೇಪನ್ನು ಹೆಡ್ಡಿಗೆ (ಯಂತ್ರದಲ್ಲಿ ಟೇಪಿನ ಸದ್ದು ಓದುವ ಭಾಗಕ್ಕೆ) ಒತ್ತಿ ಹಿಡಿಯುವ ಪುಟ್ಟ ಸ್ಪಂಜಿನ ತುಂಡು ಉದುರಿದ್ದವು 3. ಉಳಿದ ಎರಡರ ಮೇಲೆ ಯಾರೋ ಸಿನಿಮಾ ಹಾಡು ತುಂಬಿದ್ದರು. ಆ ಎರಡಕ್ಕೂ ಬೆನ್ನಿನ ತೂತಿಗೆ ಸೆಲ್ಲೋಟೇಪು ಅಂಟಿಸಿತ್ತು. ಕ್ಯಾಸೆಟ್ಟಿನ ಬೆನ್ನಲ್ಲಿ ಎರಡು ಪ್ಲಾಸ್ಟಿಕ್ ಚಕ್ಕೆ ಇರುತ್ತವೆ ಅಲ್ವಾ? ಅವನ್ನು ಮುರಿದರೆ ಮೇಲೆ ಬೇರೆ ರೆಕಾರ್ಡ್ ಆಗುವುದಿಲ್ಲ. ದೊಡ್ಡಪ್ಪ ಮುರಿದಿದ್ದರು. ನಮ್ಮಲ್ಲೇ ಯಾರೋ ತೂತು ಮುಚ್ಚಿ ಹಾಡು ತುಂಬಿದ್ದು. ಟ್ರಂಕು ತೆರೆದ ದಿನ ನಾನು ಮಾಡಿದ ಮೊದಲ ಕೆಲಸ ಚಕ್ಕೆ ಉಳಿದಿದ್ದ ಎಲ್ಲ ಕ್ಯಾಸೆಟ್ಟುಗಳ ಚಕ್ಕೆ ಮುರಿದದ್ದು. ನಿಮ್ಮ ಮನೆಯಲ್ಲೂ ಅದನ್ನೇ ಮೊದಲು ಮಾಡಿ. ಖರ್ಚಿಲ್ಲ, ಹತ್ತು ನಿಮಿಷದ ಕೆಲಸ.

ಎರಡನೇ ಕೆಲಸದಲ್ಲಿ ತಪ್ಪು ಮಾಡಿದೆ. ತಡೆಯಲಾಗದೆ ಬೂಸ್ಟಿನ ಒಂದು ಕ್ಯಾಸೆಟ್ಟನ್ನು ಸೀದಾ ಪ್ಲೇಯರಿಗೆ ಹಾಕಿದೆ. ಸುರುಳಿಯ ಅಂಚು ಒಂದಕ್ಕೊಂದು ಅಂಟಿತ್ತು. ಟೇಪು ಒಳಗೆ ಸಿಕ್ಕಿಕೊಂಡು ಮುದುಡಿತು. ತಾಳಮದ್ದಳೆಯ ಸುಮಾರು 40 ಸೆಕೆಂಡು ಅಲ್ಲಿಗೆ ಹೋಯಿತು. ಭೀಷ್ಮನ ಅರ್ಥ ಹೇಳುತ್ತಿದ್ದವರ ಮಾತು ಅರ್ಧ ವಾಕ್ಯಕ್ಕೆ ನಿಂತು, ಮುಂದೆ ಎಲ್ಲೋ ಶುರುವಾಗುತ್ತದೆ. ಅದು ಇನ್ನೆಲ್ಲೂ ಇಲ್ಲ. ನನ್ನ ಅವಸರಕ್ಕೆ ತೆತ್ತ ಬೆಲೆ ಅದು. ಈಗಲೂ ಆ ಜಾಗ ಬಂದಾಗ ನನಗೆ ಕೇಳಲಾಗುವುದಿಲ್ಲ.

ಆಮೇಲೆ ಎಲ್ಲ ನಿಲ್ಲಿಸಿ ಓದಲು ಕೂತೆ. ಧ್ವನಿ ಸಂಗ್ರಹಾಲಯಗಳದ್ದೇ ಒಂದು ಅಂತರರಾಷ್ಟ್ರೀಯ ಸಂಘವಿದೆ, ಐಎಎಸ್ಎ. ಹಳೇ ಧ್ವನಿಮುದ್ರಣವನ್ನು ಹೇಗೆ ಡಿಜಿಟಲ್ ಮಾಡಬೇಕು ಎಂದು ಅವರು ಬರೆದ ಸೂಚನೆಗಳು ಯಾರು ಬೇಕಾದರೂ ಓದುವ ಹಾಗೆ ಇವೆ. ಅದೇ ಸಂಘ ಮತ್ತು ಯುನೆಸ್ಕೊ 2019ರಲ್ಲಿ ಒಂದು ಎಚ್ಚರಿಕೆಯನ್ನೂ ಕೊಟ್ಟಿದ್ದವು. ಟೇಪು ಇನ್ನೂ ಬಾಳಬಹುದು, ಆದರೆ ಅದನ್ನು ನುಡಿಸುವ ಯಂತ್ರ, ಬಿಡಿಭಾಗ, ರಿಪೇರಿ ಬಲ್ಲವರು ಮುಗಿಯುತ್ತಿದ್ದಾರೆ, 2025ರ ಹೊತ್ತಿಗೆ ಬಹಳ ಕಷ್ಟವಾಗುತ್ತದೆ ಎಂದು. ಫಿಲಿಪ್ಸ್ ಕಂಪನಿ ಕ್ಯಾಸೆಟ್ಟನ್ನು ಹೊರತಂದದ್ದು 1963ರಲ್ಲಿ. ಅದಕ್ಕೀಗ ಅರವತ್ತು ದಾಟಿದೆ. ನಮಗೆ ಕ್ಯಾಸೆಟ್ ನುಡಿಸುವ ಒಂದು ಒಳ್ಳೆಯ ಯಂತ್ರ, ಡೆಕ್, ಸಿಗಲು ಏಳು ತಿಂಗಳು ಹಿಡಿಯಿತು. ಹುಬ್ಬಳ್ಳಿಯಲ್ಲಿ ಒಬ್ಬ ಸ್ನೇಹಿತರ ಮನೆಯಲ್ಲಿ ಇತ್ತು. ಒಳಗಿನ ರಬ್ಬರ್ ಬೆಲ್ಟು ಕರಗಿ ಅಂಟಾಗಿತ್ತು. ಹೊಸದು ಹಾಕಿಸಿದೆವು.

ಬೂಸ್ಟಿನ ಏಳನ್ನು ಬೇರೆ ಡಬ್ಬದಲ್ಲಿ ಸಿಲಿಕಾ ಜೆಲ್ ಹಾಕಿ ಮುಚ್ಚಿಟ್ಟು, ಜನವರಿಯ ತನಕ ಕಾದೆವು. ಮಳೆಗಾಲದಲ್ಲಿ ನಮ್ಮ ಕಡೆ ಏನನ್ನೂ ಒಣಗಿಸಲಾಗುವುದಿಲ್ಲ, ಹಪ್ಪಳ ಕೂಡ. ಚಳಿಗಾಲದ ಒಣ ಗಾಳಿಯಲ್ಲಿ, ಅಂಗಳದಲ್ಲಿ, ಮೂಗಿಗೆ ಮಾಸ್ಕ್ ಕಟ್ಟಿಕೊಂಡು ಮೆತ್ತನೆ ಬ್ರಷ್‌ನಿಂದ ಪುಡಿ ತೆಗೆದೆವು. ಈ ಬೂಸ್ಟು ಉಸಿರಿಗೆ ಒಳ್ಳೆಯದಲ್ಲ, ಮನೆಯೊಳಗೆ ಈ ಕೆಲಸ ಬೇಡವೇ ಬೇಡ. ಸ್ಪಂಜು ಉದುರಿದ ಮೂರರ ಟೇಪನ್ನು ಸ್ಕ್ರೂ ಇರುವ ಬೇರೆ ಖಾಲಿ ಡಬ್ಬಿಗೆ ಸಾಗಿಸಿದೆವು. ಕೈ ನಡುಗದವರು ಮಾಡಬೇಕು. ನಮ್ಮಲ್ಲಿ ಅದನ್ನು ಮಾಡಿದ್ದು ಅತ್ತಿಗೆ.

ಕೆಲಸ ನಡೆದ ಬಗೆ

ಯಂತ್ರದ ವಿಷಯ ಸ್ವಲ್ಪದರಲ್ಲಿ ಹೇಳುತ್ತೇನೆ. ಪ್ರತಿ ಕ್ಯಾಸೆಟ್ಟಿಗೂ ಮೊದಲು ಹೆಡ್ಡನ್ನು ಐಸೊಪ್ರೊಪೈಲ್ ಆಲ್ಕೊಹಾಲಿನಿಂದ ಒರೆಸುವುದು. ಆಮೇಲೆ ಹೆಡ್ಡಿನ ಪಕ್ಕದ ಸಣ್ಣ ಸ್ಕ್ರೂ ತಿರುಗಿಸಿ ಅದರ ಓರೆ ಸರಿ ಮಾಡುವುದು. ದೊಡ್ಡಪ್ಪನ ರೆಕಾರ್ಡರಿನ ಹೆಡ್ಡು ಒಂದು ಓರೆಯಲ್ಲಿ ಇತ್ತು, ನಮ್ಮ ಡೆಕ್ಕಿನದು ಇನ್ನೊಂದು. ಎರಡೂ ಹೊಂದದಿದ್ದರೆ ಕಂಬಳಿ ಹೊದೆಸಿದ ಹಾಗೆ ಮಂಕಾಗಿ ಕೇಳುತ್ತದೆ. ಸ್ಕ್ರೂ ಕೂದಲೆಳೆಯಷ್ಟು ತಿರುಗಿಸಿದರೆ ಸಾಕು, ತಾಳದ ಕಿಣಿಕಿಣಿ ಒಮ್ಮೆಲೇ ಎದ್ದು ಬರುತ್ತದೆ. ಇದು ಕಿವಿಯಿಂದ ಮಾಡುವ ಕೆಲಸ. ಆಮೇಲೆ ಕಂಪ್ಯೂಟರಿನಲ್ಲಿ ಎಷ್ಟು ತಿದ್ದಿದರೂ ಟೇಪಿನಿಂದ ಬರದೇ ಇದ್ದದ್ದು ಬರುವುದಿಲ್ಲ.

ಸಂಘದ ಸೂಚನೆಯಂತೆ 24 ಬಿಟ್, 96 ಕಿಲೋಹರ್ಟ್ಸ್‌ನಲ್ಲಿ, ವೇವ್ ಫೈಲಾಗಿ ತುಂಬಿಕೊಂಡೆವು. ಗಂಟೆಗೆ ಎರಡು ಜಿಬಿ ಚಿಲ್ಲರೆ ಆಗುತ್ತದೆ. ನಮ್ಮದು ಒಟ್ಟು 52 ಗಂಟೆ, ಹತ್ತಿರ ಹತ್ತಿರ 108 ಜಿಬಿ. ಇದಕ್ಕೆ ಅವಸರದ ದಾರಿ ಇಲ್ಲ. ಒಂದು ಗಂಟೆಯ ಟೇಪಿಗೆ ಒಂದು ಗಂಟೆ ಕೂತೇ ಕೇಳಬೇಕು. ಎರಡು ಬೇಸಿಗೆ ಹೋಯಿತು.

ಮನೆಯಲ್ಲಿ ವಾದ ಬಂದದ್ದು ಸದ್ದಿನ ವಿಷಯಕ್ಕೆ. ಅಣ್ಣನ ಮಗ ಕಂಪ್ಯೂಟರ್ ಓದಿದವ. "ಇಷ್ಟೆಲ್ಲ ಗುಂಯ್ ಸದ್ದು ಯಾಕೆ ಚಿಕ್ಕಪ್ಪಾ, ಒಂದು ಫಿಲ್ಟರ್ ಹಾಕಿದರೆ ಹೋಗುತ್ತೆ" ಅಂದ. ಅವನು ಹೇಳಿದ್ದು ತಪ್ಪಲ್ಲ, ಹೋಗುತ್ತದೆ. ನಾನು ಅವನನ್ನು ಕೂರಿಸಿ 2007ರ ಎಂಪಿ3ಯನ್ನೂ ಹೊಸ ಫೈಲನ್ನೂ ಪಕ್ಕಪಕ್ಕದಲ್ಲಿ ಕೇಳಿಸಿದೆ. ಅಂಗಡಿಯವರ ಪ್ರತಿಯಲ್ಲಿ ಗುಮಟೆ "ಟಕ್" ಅಂದು ಸತ್ತುಹೋಗುತ್ತದೆ. ಮೂಲದಲ್ಲಿ "ಟುಂ" ಎಂದು ಮಣ್ಣಿನ ಗಡಿಗೆಯೊಳಗೆ ಉರುಳಿ, ನಿಧಾನಕ್ಕೆ ಆರುತ್ತದೆ. ಸದ್ದು ತೆಗೆಯುವ ಫಿಲ್ಟರಿಗೆ ಆ ಬಾಲ ಯಾವುದು, ಟೇಪಿನ ಸುಯ್ ಯಾವುದು ಗೊತ್ತಾಗುವುದಿಲ್ಲ.

ಗುಮಟೆಯ ಮಾತು ಬಂದಿದ್ದರಿಂದ ಇಲ್ಲೊಂದು ಸಂಗತಿ ಹೇಳಬೇಕು. ಹಿಂದೆ ಅದರ ಬಾಯಿಗೆ ಉಡದ ಚರ್ಮ ಬಿಗಿಯುತ್ತಿದ್ದರು. ಉಡಕ್ಕೆ 1972ರ ವನ್ಯಜೀವಿ ಕಾಯ್ದೆಯ ರಕ್ಷಣೆ ಇದೆ. ಅದು ಸರಿಯಾದದ್ದೇ. ಆದರೆ ಚರ್ಮ ಬದಲಾದರೆ ದನಿಯೂ ಬದಲಾಗುತ್ತದೆ. ಅಂಕೋಲಾದ ಒಂದು ಕೊಪ್ಪದಲ್ಲಿ ನಮ್ಮ ಟೇಪು ಕೇಳಿಸಿದಾಗ ಒಬ್ಬ ಅಜ್ಜ ಹಾಡಿನ ಕಡೆ ಗಮನವನ್ನೇ ಕೊಡಲಿಲ್ಲ. ಕಣ್ಣು ಮುಚ್ಚಿ ಬರೀ ಪೆಟ್ಟು ಕೇಳಿದರು. "ಇದು ಹಳೇ ಗುಮಟೆ. ಈಗ ಈ ನಾದ ಬರೂದಿಲ್ಲ" ಅಂದರು. ಇನ್ನು ಮುಂದೆ ಆ ನಾದ ಇರುವುದು ಹಳೇ ಟೇಪುಗಳಲ್ಲಿ ಮಾತ್ರ.

ಕೊನೆಗೆ ಹೀಗೆ ತೀರ್ಮಾನ ಮಾಡಿದೆವು. ಮೂಲ ಫೈಲನ್ನು ಯಾರೂ ಮುಟ್ಟಬಾರದು. ಅದರಲ್ಲಿ ಕೆಮ್ಮು, ಬಳೆ, ಮಗುವಿನ ಅಳು, ಮಳೆ, ಎಲ್ಲವೂ ಇರಲಿ. ಮೊಬೈಲಿನಲ್ಲಿ ಕೇಳಲು ಬೇಕಾದರೆ ಅದರ ನಕಲು ತೆಗೆದು ಎಷ್ಟು ಬೇಕಾದರೂ ಚೊಕ್ಕ ಮಾಡಿಕೊಳ್ಳಲಿ. ಈ ತೀರ್ಮಾನ ಎಷ್ಟು ಸರಿ ಎಂದು ಗೊತ್ತಾದದ್ದು ಹದಿನೇಳನೇ ಕ್ಯಾಸೆಟ್ ಹಾಕಿದ ದಿನ.

ಅತ್ತೆಯ ದನಿ

ಅದರಲ್ಲಿ ನಾಲ್ವರು ಹೆಂಗಸರು ಹಾಡುತ್ತಾರೆ. ಹಾಡು ಎತ್ತುವ ದನಿ ತೆಳು, ಚುರುಕು. ಇಪ್ಪತ್ತರ ಹುಡುಗಿಯ ಹಾಗೆ. 2007ರ ಸಿ.ಡಿ.ಯಲ್ಲೂ ಹಾಗೇ ಇತ್ತು. ಪಕ್ಕದ ಮನೆಯ ಯಾರೋ ಸೊಸೆ ಇರಬೇಕು ಎಂದು ಇಷ್ಟು ವರ್ಷ ಅಂದುಕೊಂಡಿದ್ದೆವು. ದೊಡ್ಡಪ್ಪ "ನಮ್ಮನೆ ಜಗಲಿ" ಎಂದು ಬರೆದಿದ್ದರಿಂದ, ಹಾಡಿದ್ದು ನಮ್ಮ ಅಜ್ಜಿ ಇರಬಹುದೇ ಎಂದು ದೊಡ್ಡಾಯಿಯನ್ನು ಕೇಳಿದೆ.

"ಇದು ಅತ್ತೆ ದನಿ ಅಲ್ದ ತಮಾ. ಅತ್ತೆದು ದಪ್ಪ ದನಿ."

ಅಜ್ಜಿ ಹೋದದ್ದು 1991ರಲ್ಲಿ. ಅವರ ದನಿ ನನಗೆ ಸರಿಯಾಗಿ ನೆನಪಿಲ್ಲ. ಸರಿ, ಹೆಸರು ಗೊತ್ತಿಲ್ಲ ಎಂದು ಬರೆದುಕೊಂಡು ಮುಂದೆ ಹೋಗುವವನಿದ್ದೆ.

ಹೊಸದಾಗಿ ತುಂಬಿಕೊಂಡ ಫೈಲಿನ ಮೊದಲ ಎರಡು ನಿಮಿಷ ಬರೀ ಗಲಾಟೆ. ಮಣೆ ಎಳೆಯುವ ಸದ್ದು, "ಬೇಗ ಬನ್ರೇ" ಎಂದು ಯಾರೋ ಕರೆಯುವುದು. ಅದರ ನಡುವೆ ಜಗಲಿಯ ಗಡಿಯಾರ ಒಂಬತ್ತು ಹೊಡೆಯುತ್ತದೆ. ಅಂಗಡಿಯವರು ಕತ್ತರಿಸಿ ಬಿಸಾಕಿದ್ದು ಇದನ್ನೇ. ಹಾಡು ಮುಂದುವರಿದು, ಒಂದು ಹಾಡಿನ ನಡುವೆ ಮತ್ತೆ ಒಂದೇ ಒಂದು ಪೆಟ್ಟು. ಒಂಬತ್ತೂವರೆ. ಅದು ಹಾಡಿನ ಒಳಗೇ ಇದ್ದುದರಿಂದ ಅವರಿಗೆ ಕತ್ತರಿಸಲಾಗಿರಲಿಲ್ಲ, ಅಡಗಿಸಿ ಮಂಕು ಮಾಡಿದ್ದರು.

ಸುಮ್ನೆ ಕುತೂಹಲಕ್ಕೆ ಎರಡು ಪೆಟ್ಟಿನ ನಡುವಿನ ಹೊತ್ತು ನೋಡಿದೆ. 28 ನಿಮಿಷ 34 ಸೆಕೆಂಡು. ಅರ್ಧ ಗಂಟೆ ಆಗಬೇಕಿತ್ತು ಅಲ್ವಾ? ಗಡಿಯಾರ ಎಷ್ಟೇ ತಪ್ಪು ಓಡಿದರೂ ಅರ್ಧ ಗಂಟೆಯಲ್ಲಿ ಒಂದೂವರೆ ನಿಮಿಷ ತಪ್ಪುವುದಿಲ್ಲ. ಅಂದರೆ ಟೇಪು ಸರಾಸರಿ ನೂರಕ್ಕೆ ಐದರಷ್ಟು ಬೇಗ ಓಡುತ್ತಿತ್ತು.

ಆಗ ವಿಷಯ ಹೊಳೆಯಿತು. ಕ್ಯಾಸೆಟ್ಟು ಸೆಕೆಂಡಿಗೆ 4.76 ಸೆಂಟಿಮೀಟರ್ ಓಡಬೇಕು. ದೊಡ್ಡಪ್ಪನ ರೆಕಾರ್ಡರಿನಲ್ಲಿ ಸೆಲ್ ಮುಗಿಯುತ್ತಾ ಬಂದಿತ್ತು. ಮೋಟಾರು ನಿಧಾನವಾಗಿ ತಿರುಗಿದೆ, ಟೇಪು ನಿಧಾನವಾಗಿ ಓಡಿದೆ. ಅದನ್ನೇ ಸರಿಯಾದ ವೇಗದ ಡೆಕ್ಕಿನಲ್ಲಿ ಹಾಕಿದರೆ ಎಲ್ಲವೂ ಬೇಗ, ಎಲ್ಲವೂ ಎತ್ತರದ ಶ್ರುತಿಯಲ್ಲಿ.

ಆ ಗಡಿಯಾರ ಇನ್ನೂ ಜಗಲಿಯಲ್ಲೇ ಇದೆ. ವಾರಕ್ಕೊಮ್ಮೆ ಕೀ ಕೊಟ್ಟರೆ ನಡೆಯುತ್ತದೆ. ಅದು ಹೊಡೆಯುವಾಗ ಮೈಕು ಹಿಡಿದು ರೆಕಾರ್ಡ್ ಮಾಡಿದೆ. ಅದರ ಲೋಹದ ಸುರುಳಿಯ ನಾದ 36 ವರ್ಷಕ್ಕೆ ಬದಲಾಗುವುದಿಲ್ಲ. ಆಡಾಸಿಟಿ ಎಂಬ ಉಚಿತ ತಂತ್ರಾಂಶದಲ್ಲಿ ಎರಡನ್ನೂ ಹೋಲಿಸಿದೆ. ಇವತ್ತಿನ ಪೆಟ್ಟಿನಲ್ಲಿ ಎದ್ದು ಕಾಣುವ ಸ್ವರ 500 ಹರ್ಟ್ಸ್. ಟೇಪಿನ ಒಂಬತ್ತರ ಪೆಟ್ಟಿನಲ್ಲಿ ಅದು 515. ಒಂಬತ್ತೂವರೆಯ ಪೆಟ್ಟಿನಲ್ಲಿ 535. ಅಂದರೆ ಶುರುವಿನಲ್ಲಿ ನೂರಕ್ಕೆ ಮೂರು ಬೇಗ, ಅರ್ಧ ಗಂಟೆ ಆದ ಮೇಲೆ ಏಳು. ಸೆಲ್ ಸಾಯುತ್ತಾ ಹೋದದ್ದು ಅಂಕಿಯಲ್ಲೇ ಕಾಣುತ್ತಿತ್ತು. ಸರಾಸರಿ ಐದು. ಎರಡು ಪೆಟ್ಟಿನ ನಡುವಿನ ಹೊತ್ತು ಹೇಳಿದ್ದೂ ಅಷ್ಟೇ. ಎರಡು ಬೇರೆ ದಾರಿಯಲ್ಲಿ ಹೋಗಿ ಒಂದೇ ಕಡೆ ಮುಟ್ಟಿದಾಗ ನನಗೆ ಕೂತಲ್ಲಿ ಕೂರಲಾಗಲಿಲ್ಲ.

ಅದೇ ತಂತ್ರಾಂಶದಲ್ಲಿ ಟೈಮ್ ಟ್ರ್ಯಾಕ್ ಎಂಬ ಸೌಲಭ್ಯವಿದೆ. ವೇಗವನ್ನು ಸ್ವಲ್ಪ ಸ್ವಲ್ಪವಾಗಿ ಬದಲಿಸುತ್ತಾ ಹೋಗಬಹುದು, ಶ್ರುತಿಯೂ ಜೊತೆಗೇ ಇಳಿಯುತ್ತದೆ. ನಕಲು ಪ್ರತಿಯಲ್ಲಿ ಮೂರರಿಂದ ಏಳರ ತನಕ ಇಳಿಸಿದೆ. ಒಂಬತ್ತೂವರೆಯ ನಂತರ ಇನ್ನೂ ಕಾಲು ಗಂಟೆ ಹಾಡಿದೆ. ಅಲ್ಲಿ ಹಿಡಿಯಲು ಪೆಟ್ಟಿಲ್ಲ. ಅದೇ ಲೆಕ್ಕದಲ್ಲಿ ಅಂದಾಜಿಗೆ ಮುಂದುವರಿಸಿ, "ಇಲ್ಲಿಂದ ಅಂದಾಜು" ಎಂದು ಟಿಪ್ಪಣಿ ಬರೆದಿಟ್ಟೆ.

ಸಂಜೆ ದೊಡ್ಡಾಯಿಗೆ ಕೇಳಿಸಿದೆ. ಅಡಿಕೆ ಆರಿಸುತ್ತಿದ್ದರು. ಮೊದಲ ಸಾಲು ಮುಗಿಯುವಷ್ಟರಲ್ಲಿ ಕೈ ನಿಂತಿತು.

"ಅತ್ತೆ" ಅಂದರು.

ಆಮೇಲೆ ಎರಡನೇ ಹಾಡಿಗೆ ತಾವೂ ಸೇರಿಕೊಂಡರು. ಪೂರ್ತಿ ಹಾಡಿದರು. ಅದನ್ನೂ ರೆಕಾರ್ಡ್ ಮಾಡಿಕೊಂಡಿದ್ದೇನೆ.

ಸೆಲ್ಲಿನ ಬದಲು ಕರೆಂಟಿನಲ್ಲಿ ತುಂಬಿದ ಟೇಪುಗಳಿಗೆ ಬೇರೆ ದಾರಿ ಇದೆ. ಅವುಗಳಲ್ಲಿ ಸಣ್ಣಗೆ 50 ಅಥವಾ 100 ಹರ್ಟ್ಸ್‌ನ ಗುಂಯ್ ಇರುತ್ತದೆ, ಅದನ್ನೇ ಅಳತೆಗೆ ಹಿಡಿಯಬಹುದು. ಆದರೆ ಆಗ ನಮ್ಮ ಕರೆಂಟು 50ರಲ್ಲೇ ನಿಲ್ಲುತ್ತಿರಲಿಲ್ಲ, ಹಾಗಾಗಿ ಅದು ಹತ್ತಿರದ ಲೆಕ್ಕ ಅಷ್ಟೇ. ಅದನ್ನೂ "ಗಲೀಜು ಸದ್ದು" ಎಂದು ಮೊದಲೇ ತೆಗೆದುಬಿಟ್ಟರೆ ಆ ದಾರಿಯೂ ಹೋಯಿತು.

ಯಾರದ್ದು, ಯಾರಿಗೆ

ಅಂಕೋಲಾದ ಬಡಗೇರಿಯ ಹಾಲಕ್ಕಿ ಹಾಡುಗಾರ್ತಿ ಸುಕ್ರಿ ಬೊಮ್ಮಗೌಡ ಅಜ್ಜಿಗೆ 2017ರಲ್ಲಿ ಪದ್ಮಶ್ರೀ ಬಂತು. 2025ರ ಫೆಬ್ರವರಿಯಲ್ಲಿ ಅವರು ತೀರಿಕೊಂಡರು. ಅವರ ಹಾಡನ್ನು ಹಲವರು ಹಿಡಿದಿಟ್ಟಿದ್ದಾರೆ, ಅದು ನಮ್ಮ ಭಾಗ್ಯ. ಆದರೆ ಹೆಸರು ಪೇಪರಿಗೆ ಬಾರದ ಹಾಡುಗಾರ್ತಿಯರು ಕೊಪ್ಪ ಕೊಪ್ಪದಲ್ಲಿ ಇದ್ದರು. ದೊಡ್ಡಪ್ಪನ ಟೇಪಿನಲ್ಲಿ ಇರುವವರು ಅಂಥವರು. ಆ ಹಾಡುಗಳನ್ನು ನಾವು ಸೀದಾ ಯೂಟ್ಯೂಬಿಗೆ ಹಾಕಬಹುದೇ? ಅಣ್ಣನ ಮಗ ಹಾಕೋಣ ಎಂದ. ನಾನು ಬೇಡ ಎಂದೆ.

ಒಂದು, ಕಾನೂನು ಇದೆ. ಹಾಡಿದವರ ಹಕ್ಕು ಹಾಡಿದ ವರ್ಷ ಮುಗಿದ ಮೇಲೆ 50 ವರ್ಷ ಇರುತ್ತದೆ. ಆದರೆ ನನಗೆ ಕಾನೂನಿಗಿಂತ ದೊಡ್ಡದಾಗಿ ಕಂಡದ್ದು ಬೇರೆ. ದೊಡ್ಡಪ್ಪ ಟೇಪು ನಿಲ್ಲಿಸುತ್ತಿರಲಿಲ್ಲ. ಹಾಡಿನ ನಡುವೆ ಆ ಹೆಂಗಸರು ಮನೆ ಕಷ್ಟ ಮಾತಾಡಿಕೊಂಡದ್ದೂ ಇದೆ. ಮಾಸ್ತರರನ್ನು ನಂಬಿ ಆಡಿದ ಮಾತು ಅದು.

ಗುರುತು ಸಿಕ್ಕ ಆರು ಮನೆಗಳಿಗೆ ಹೋದೆವು. ಪೆನ್‌ಡ್ರೈವ್ ಕೊಟ್ಟೆವು, ಜೊತೆಗೆ ಕೂತು ಕೇಳಿದೆವು. ನಾಲ್ಕು ಮನೆಯವರು ಯಾರು ಬೇಕಾದರೂ ಕೇಳಲಿ ಅಂದರು. ಒಂದು ಮನೆಯವರು ಹಾಡು ಮಾತ್ರ ಕೊಡಿ, ಮಾತು ಬೇಡ ಅಂದರು. ಇನ್ನೊಂದು ಮನೆಯಲ್ಲಿ ಮಗಳು ಕೇಳುತ್ತಾ ಅತ್ತು, "ಇದು ನಮ್ಮನೆಲೇ ಇರ್ಲಿ ಸರ್" ಅಂದರು. ಅದು ಅವರ ಮನೆಯಲ್ಲೇ ಇದೆ. ನಮ್ಮ ಪ್ರತಿಯ ಮೇಲೆ "ಕೇಳಿಸಬಾರದು" ಎಂದು ಬರೆದಿದೆ. ನಮ್ಮದೇ ಮನೆಯ ಬೀಗರ ಹಾಡಿನಲ್ಲೂ ಒಂದೆರಡು ಇವೆ, ಹೆಂಗಸರು ತಮ್ಮ ನಡುವೆ ಮಾತ್ರ ಹಾಡುವಂಥವು. ದೊಡ್ಡಾಯಿ ಹೇಳಿದಂತೆ ಅವನ್ನೂ ಹೊರಗೆ ಬಿಟ್ಟಿಲ್ಲ.

ಈಗ ಮೂಲ ಫೈಲು ಮೂರು ಕಡೆ ಇದೆ. ನಮ್ಮ ಮನೆಯ ಒಂದು ಹಾರ್ಡ್‌ಡಿಸ್ಕ್, ಬೆಂಗಳೂರಿನಲ್ಲಿ ಅಣ್ಣನ ಮನೆಯ ಇನ್ನೊಂದು, ಮತ್ತೆ ಕ್ಲೌಡಿನಲ್ಲಿ ಒಂದು. ಪ್ರತಿ ಫೈಲಿಗೂ ಚೆಕ್‌ಸಮ್ ತೆಗೆದಿಟ್ಟಿದ್ದೇವೆ. ಫೈಲಿನಲ್ಲಿ ಒಂದು ಬಿಟ್ ಕೆಟ್ಟರೂ ಆ ಅಂಕಿ ಬದಲಾಗುತ್ತದೆ. ಪ್ರತಿ ದೀಪಾವಳಿಗೆ ಅಣ್ಣನ ಮಗ ಅದನ್ನು ತಾಳೆ ನೋಡುತ್ತಾನೆ, ಐದು ವರ್ಷಕ್ಕೊಮ್ಮೆ ಡಿಸ್ಕ್ ಬದಲಿಸಬೇಕು ಎಂದಿದ್ದಾನೆ. ಒಪ್ಪಿಗೆ ಸಿಕ್ಕಿದ್ದನ್ನು ಒಂದು ಸಂಗ್ರಹಾಲಯಕ್ಕೂ ಕೊಡಬೇಕೆಂದಿದೆ. ಗುರುಗ್ರಾಮದಲ್ಲಿ ಇದೇ ಕೆಲಸಕ್ಕೆ ಮೀಸಲಾದ, 1982ರಲ್ಲಿ ಶುರುವಾದ ಒಂದು ಸಂಗೀತ ಸಂಗ್ರಹ ಕೇಂದ್ರವಿದೆ. ನಮ್ಮ ಪಕ್ಕದ ಉಡುಪಿಯಲ್ಲೂ ಜಾನಪದ ರಂಗಕಲೆಗಳ ದಾಖಲೆ ಇಡುವ ಕೇಂದ್ರವಿದೆ. ಮನೆಯ ಡಿಸ್ಕು ಮನೆಯವರ ಆಸಕ್ತಿ ಇರುವ ತನಕ ಮಾತ್ರ.

ಕ್ಯಾಸೆಟ್ಟುಗಳು ಈಗ ಅಟ್ಟದಲ್ಲಿಲ್ಲ, ಗೋಡೆ ಕಪಾಟಿನಲ್ಲೂ ಇಲ್ಲ. ಗಾಳಿಯಾಡದ ಡಬ್ಬದಲ್ಲಿ, ಸಿಲಿಕಾ ಜೆಲ್ ಜೊತೆ, ನೆಲದಿಂದ ಎತ್ತರದಲ್ಲಿ, ನೆಟ್ಟಗೆ ನಿಲ್ಲಿಸಿ ಇಟ್ಟಿದ್ದೇವೆ. ಜೂನ್ ಬರುವ ಮೊದಲು ಜೆಲ್ ಬದಲಿಸುವ ಕೆಲಸ ಅತ್ತಿಗೆಯದು.

ಹದಿನೇಳರ ನಾಲ್ವರಲ್ಲಿ ಮೂವರ ಹೆಸರು ಸಿಕ್ಕಿದೆ. ಅಜ್ಜಿ, ಅಜ್ಜಿಯ ತಂಗಿ, ಕೆಳಗಿನ ಮನೆಯ ಒಬ್ಬರು. ನಾಲ್ಕನೆಯವರು ಯಾರೆಂದು ದೊಡ್ಡಾಯಿಗೂ ಗೊತ್ತಾಗಲಿಲ್ಲ. ಉಳಿದವರು ಸಾಲು ಮರೆತು ನಿಂತಲ್ಲೆಲ್ಲ ಅವರೇ ಮೆಲ್ಲಗೆ ಎತ್ತಿಕೊಡುತ್ತಾರೆ. ಯಲ್ಲಾಪುರದ ಕಡೆಯ ಎಳೆತ ಇದ್ದ ಹಾಗಿದೆ ಎಂದು ಸೋದರತ್ತೆ ಅಂದಿದ್ದಾರೆ. ಮುಂದಿನ ತಿಂಗಳು ಆ ಕಡೆ ಒಂದು ಮದುವೆ ಇದೆ. ಸ್ಪೀಕರು ತಗೊಂಡು ಹೋಗುತ್ತಿದ್ದೇವೆ.